ಸೇವ್ ಒತ್ತಿದರೂ ಉಳಿಯದ ದಾಖಲೆ: ಒಂದೇ ದೂರಿನ ಹಿಂದೆ ನಾಲ್ಕು ದೋಷ

ದೂರು ಒಂದೇ ಸಾಲಿನದು: "ಹೊಸ ಎರವಲು ಫಾರ್ಮ್ ತುಂಬಿ ಸೇವ್ ಒತ್ತಿದರೆ ಏನೂ ಆಗುತ್ತಿಲ್ಲ." ಎರರ್ ಸಂದೇಶವಿಲ್ಲ, ಪುಟ ಬದಲಾಗುವುದಿಲ್ಲ, ಟೇಬಲ್ಲಿನಲ್ಲಿ ಹೊಸ ಸಾಲೂ ಇಲ್ಲ.

ಆ್ಯಪ್ ರೈಲ್ಸ್ 7 ಎಂಬ ವೆಬ್ ಚೌಕಟ್ಟಿನಲ್ಲಿ ಬರೆದದ್ದು, ಗ್ರಂಥಾಲಯದ ಪುಸ್ತಕ ಯಾರ ಕೈಗೆ ಹೋಯಿತು, ಯಾವಾಗ ಬರಬೇಕು ಎಂಬ ಲೆಕ್ಕ ಇಡುವಂಥದ್ದು. ಮುಖ್ಯ ಮಾಡೆಲ್‌ಗಳು (ಒಂದೊಂದು ಟೇಬಲ್ಲನ್ನು ನೋಡಿಕೊಳ್ಳುವ ಕೋಡ್) ಮೂರು: ಬುಕ್, ರೀಡರ್ (ಓದುಗ), ಲೋನ್ (ಎರವಲು). ಲೋನ್ ಮಾಡೆಲ್ಲಿನಲ್ಲಿ ಎರಡು ಬಿಲಾಂಗ್ಸ್_ಟು (ಇದು ಅದಕ್ಕೆ ಸೇರಿದ್ದು ಎನ್ನುವ ಸಂಬಂಧ) ಇವೆ, ಒಂದು ಬುಕ್ಕಿಗೆ, ಒಂದು ರೀಡರಿಗೆ. ಡೇಟಾಬೇಸ್ ಡೆವಲಪ್‌ಮೆಂಟಿನಲ್ಲಿ (ಕೋಡ್ ಬರೆಯುವ ಯಂತ್ರದಲ್ಲಿ) ಎಸ್‌ಕ್ಯೂಲೈಟ್, ಪ್ರೊಡಕ್ಷನ್ನಿನಲ್ಲಿ (ಜನ ಬಳಸುವ ಸರ್ವರಿನಲ್ಲಿ) ಪೋಸ್ಟ್‌ಗ್ರೆಸ್. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಹಳೆಯ ಸ್ಪ್ರೆಡ್‌ಶೀಟಿನ 3,500 ಎರವಲು ಸಾಲುಗಳನ್ನು ಒಂದು ರೇಕ್ ಟಾಸ್ಕ್ (ಕಮಾಂಡ್ ಕೊಟ್ಟು ಓಡಿಸುವ ಸ್ಕ್ರಿಪ್ಟ್) ಬರೆದು, ಅವುಗಳ ಕ್ರಮಸಂಖ್ಯೆಯನ್ನೇ ಐಡಿಯಾಗಿ ಇಟ್ಟು ಪ್ರೊಡಕ್ಷನ್ನಿಗೆ ತುಂಬಲಾಗಿತ್ತು. ಕೋಡಿನ ಪದಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ. ಅಡಿಗೆರೆ, ಕೋಲನ್, ಕಂಸಗಳು ಮೂಲದಲ್ಲಿರುವಂತೆಯೇ ಇವೆ.

ಫಾರ್ಮಿನಲ್ಲಿ ತುಂಬಿದ ಮಾಹಿತಿ ಟೇಬಲ್ಲಿನ ಸಾಲಾಗುವ ತನಕ ಹಲವು ಬಾಗಿಲು ದಾಟಬೇಕು. ಮೊದಲು ಕೋರಿಕೆಯನ್ನು ಸ್ವೀಕರಿಸುವ ಕಂಟ್ರೋಲರಿನ ಪರ್ಮಿಟ್ ಪಟ್ಟಿ (ಒಳಗೆ ಬಿಡುವ ಕ್ಷೇತ್ರಗಳ ಪಟ್ಟಿ), ಆಮೇಲೆ ಮಾಡೆಲ್ಲಿನ ವ್ಯಾಲಿಡೇಶನ್ ಎಂಬ ತಪಾಸಣೆ, ನಂತರ ಡೇಟಾಬೇಸಿನ ನಿರ್ಬಂಧಗಳು, ಕೊನೆಗೆ ಉತ್ತರ ಬ್ರೌಸರಿಗೆ ಮರಳುವ ದಾರಿ. ತೊಂದರೆ ಏನೆಂದರೆ, ಪ್ರತಿ ಬಾಗಿಲೂ "ಇಲ್ಲ" ಎನ್ನುವುದು ಬೇರೆ ಬೇರೆ ಜಾಗದಲ್ಲಿ. ಪರ್ಮಿಟ್ ಪಟ್ಟಿ ಲಾಗಿನಲ್ಲಿ ಹೇಳುತ್ತದೆ, ವ್ಯಾಲಿಡೇಶನ್ ಆಬ್ಜೆಕ್ಟಿನ ಎರರ್ಸ್‌ನಲ್ಲಿ, ಡೇಟಾಬೇಸ್ ಎಕ್ಸೆಪ್ಶನ್ (ಕೆಲಸವನ್ನೇ ನಿಲ್ಲಿಸುವ ಎರರ್) ಎಸೆದು, ಉತ್ತರವನ್ನು ತೆರೆಗೆ ತರುವ ಟರ್ಬೊ ಬ್ರೌಸರಿನ ಕನ್ಸೋಲಿನಲ್ಲಿ. ಯಾವ ಬಾಗಿಲಲ್ಲಿ ನಿಂತಿದೆ ಎಂದು ಗೊತ್ತಾಗುವ ಮೊದಲು ಕೋಡ್ ಮುಟ್ಟಬಾರದು. ಈ ಪ್ರಕರಣದಲ್ಲಿ ಮುಟ್ಟಿದರು. ಅದರ ಪರಿಣಾಮವೇ ಈ ಬರಹದ ಅರ್ಧ ಭಾಗ.

ಮೊದಲ ಸುಳಿವು: 200

ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದು ಸೇವ್ ಒತ್ತಿದಾಗ ಪೋಸ್ಟ್ ಕೋರಿಕೆ ಹೋಗಿದೆ, ಉತ್ತರವೂ ಬಂದಿದೆ: 200 ಓಕೆ. ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸಿತು. ಆದರೆ ಕ್ರಿಯೇಟ್ ಆ್ಯಕ್ಷನ್ ಯಶಸ್ವಿಯಾದರೆ ರೈಲ್ಸ್ ರೀಡೈರೆಕ್ಟ್ ಮಾಡುತ್ತದೆ (ಬೇರೆ ಪುಟಕ್ಕೆ ಕಳಿಸುತ್ತದೆ), ಉತ್ತರ 302 ಅಥವಾ 303 ಆಗಿರಬೇಕು. 200 ಬಂತೆಂದರೆ ಸೇವ್ ಎಂಬ ಆಜ್ಞೆ ಫಾಲ್ಸ್ ಎಂದು ಉತ್ತರಿಸಿದೆ, ಕಂಟ್ರೋಲರ್ ಎಲ್ಸ್ ಕವಲಿಗೆ ಹೋಗಿ ಅದೇ ಫಾರ್ಮನ್ನು ಮತ್ತೆ ರೆಂಡರ್ ಮಾಡಿದೆ (ಬರೆದು ಕಳಿಸಿದೆ) ಎಂದರ್ಥ. ಇಲ್ಲಿ 200 ಎಂಬುದೇ ಸೋಲಿನ ಗುರುತು.

ಫಾರ್ಮ್ ಮತ್ತೆ ರೆಂಡರ್ ಆಗಿದ್ದರೆ ಅದರಲ್ಲಿ ಎರರ್ ಸಾಲುಗಳು ಇರಬೇಕಿತ್ತಲ್ಲ? ಇದ್ದವು, ಉತ್ತರದ ಎಚ್‌ಟಿಎಂಎಲ್ಲಿನಲ್ಲಿ ಕೆಂಪಕ್ಷರದ ಸಂದೇಶ ಸ್ಪಷ್ಟವಾಗಿ ಬಂದಿತ್ತು. ಅದನ್ನು ತೆರೆಯ ಮೇಲೆ ತಂದಿರಲಿಲ್ಲ, ಅಷ್ಟೆ. ರೈಲ್ಸ್ 7ರ ಜೊತೆಗೇ ಬರುವ ಟರ್ಬೊ, ಫಾರ್ಮ್ ಸಲ್ಲಿಕೆಗೆ ಎರಡು ಬಗೆಯ ಉತ್ತರವನ್ನು ಒಪ್ಪುತ್ತದೆ: ರೀಡೈರೆಕ್ಟ್, ಇಲ್ಲವೇ 4 ಅಥವಾ 5ರಿಂದ ಶುರುವಾಗುವ ಎರರ್ ಸ್ಟೇಟಸ್. ಬರೀ 200 ಬಂದರೆ ಅದು ಪುಟವನ್ನು ಮುಟ್ಟದೆ, ಫಾರ್ಮ್ ಉತ್ತರಗಳು ಬೇರೆ ವಿಳಾಸಕ್ಕೆ ರೀಡೈರೆಕ್ಟ್ ಆಗಲೇಬೇಕು ಎಂಬ ಒಂದು ಸಾಲನ್ನು ಕನ್ಸೋಲಿನಲ್ಲಿ ಬರೆದು ಸುಮ್ಮನಾಗುತ್ತದೆ. ಕನ್ಸೋಲ್ ತೆರೆಯದವರಿಗೆ ಕಾಣುವುದು "ಏನೂ ಆಗುತ್ತಿಲ್ಲ".

ಕಂಟ್ರೋಲರನ್ನು ಹಳೆಯ ರೂಢಿಯಂತೆ ಬರೆದಿದ್ದರು: ರೆಂಡರ್ :ನ್ಯೂ, ಮುಂದೆ ಏನಿಲ್ಲ. ತಿದ್ದುಪಡಿ ಒಂದು ತುಣುಕು:

ರೆಂಡರ್ :ನ್ಯೂ, ಸ್ಟೇಟಸ್: 422

ಹೆಸರಿನ ಬದಲು ಅಂಕಿಯನ್ನೇ ಬರೆಯುವುದು ಒಳ್ಳೆಯದು. ರ‍್ಯಾಕ್ ಎಂಬ ಲೈಬ್ರರಿಯ (ರೈಲ್ಸ್ ನಿಂತಿರುವುದು ಇದರ ಮೇಲೆ) 3.1 ಆವೃತ್ತಿಯಿಂದ ಈ ಸ್ಟೇಟಸ್ಸಿನ ಸಂಕೇತನಾಮ ಅನ್‌ಪ್ರಾಸೆಸಬಲ್_ಎಂಟಿಟಿಯಿಂದ ಅನ್‌ಪ್ರಾಸೆಸಬಲ್_ಕಂಟೆಂಟ್ ಆಗಿದೆ. 422 ಮಾತ್ರ ಎಲ್ಲ ಆವೃತ್ತಿಯಲ್ಲೂ 422.

ಇಷ್ಟರಿಂದ ದಾಖಲೆ ಉಳಿಯಲಿಲ್ಲ, ಕಾಯಿಲೆ ಕಣ್ಣಿಗೆ ಬಿತ್ತು. ಫಾರ್ಮಿನ ತಲೆಯ ಮೇಲೆ ಈಗ "ರೀಡರ್ ಮಸ್ಟ್ ಎಗ್ಜಿಸ್ಟ್" ಎಂದು ಕಾಣುತ್ತಿದೆ. ಓದುಗರ ಪಟ್ಟಿಯಿಂದ ಹೆಸರು ಆರಿಸಿಯೇ ಸೇವ್ ಒತ್ತಿದ್ದಾರೆ, ಆದರೂ ರೀಡರ್ ಇಲ್ಲವಂತೆ.

ಅವಸರದ ತಿದ್ದುಪಡಿ

ಈ ಸಂದೇಶವನ್ನು ಹುಡುಕಿದರೆ ಮೊದಲು ಸಿಗುವ ಸಲಹೆ ಒಂದೇ: ಬಿಲಾಂಗ್ಸ್_ಟು ಸಾಲಿಗೆ ಆಪ್ಷನಲ್: ಟ್ರೂ ಸೇರಿಸಿ. ರೈಲ್ಸ್ 5ರಿಂದ ಬಿಲಾಂಗ್ಸ್_ಟು ಸಂಬಂಧ ಕಡ್ಡಾಯ, ಆಪ್ಷನಲ್ ಎಂದರೆ ಆ ತಪಾಸಣೆ ಬಿಟ್ಟುಹೋಗುತ್ತದೆ. ಸಂದೇಶ ಮಾಯವಾಗುತ್ತದೆ ಎಂಬುದು ನಿಜ. ಆದರೆ ಓದುಗರಿಲ್ಲದ ಎರವಲು ಎಂಬುದಕ್ಕೆ ಅರ್ಥವೇ ಇಲ್ಲ. ಪುಸ್ತಕ ಹೋಗಿದೆ, ಯಾರ ಹತ್ತಿರ ಎಂದು ಗೊತ್ತಿಲ್ಲ ಎನ್ನುವ ಸಾಲನ್ನು ಟೇಬಲ್ಲಿಗೆ ಬಿಟ್ಟುಕೊಂಡಂತೆ. ಸಂಬಂಧ ನಿಜವಾಗಿಯೂ ಐಚ್ಛಿಕವಾಗಿರುವಲ್ಲಿ ಮಾತ್ರ ಆಪ್ಷನಲ್ ಬರೆಯಬೇಕು. ಎರರ್ ಓಡಿಸುವ ಮದ್ದಾಗಿ ಎಂದೂ ಅಲ್ಲ.

ಇಲ್ಲಿ ಆ ಸಾಲು ಸೇರಿಸಿ ಪ್ರೊಡಕ್ಷನ್ನಿಗೆ ಕಳಿಸಿದರು. ಮೂರು ಸಲ ಪ್ರಯತ್ನಿಸಿದರು, ಮೂರು ಸಲವೂ 500ರ (ಸರ್ವರ್ ಎರರ್) ಪುಟ. ಟೇಬಲ್ಲಿನ ರಚನೆ ಬರೆಯುವ ಮೈಗ್ರೇಶನ್ನಿನಲ್ಲಿ ರೀಡರ್_ಐಡಿ ಕಾಲಮ್ಮಿಗೆ ನಲ್: ಫಾಲ್ಸ್ (ಖಾಲಿ ಇರಬಾರದು) ಎಂದು ಹಾಕಿದ್ದರಿಂದ ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ತಡೆಯಿತು. ಅದನ್ನು ಹಾಕಿರದಿದ್ದರೆ ವಾರಗಟ್ಟಲೆ ಯಜಮಾನರಿಲ್ಲದ ಎರವಲುಗಳು ಸದ್ದಿಲ್ಲದೆ ಸೇರಿಕೊಳ್ಳುತ್ತಿದ್ದವು. ಮೂರನೆಯ ಪ್ರಯತ್ನದಲ್ಲಿ ಪ್ರೊಡಕ್ಷನ್ ಲಾಗಿನಲ್ಲಿ ಬಿದ್ದ ಸಾಲುಗಳು, ಕೊನೆಯ ಕಾಲಮ್ಮುಗಳನ್ನು ಬಿಟ್ಟು, ಹೀಗಿದ್ದವು:

ಆ್ಯಕ್ಟಿವ್‌ರೆಕಾರ್ಡ್::ನಾಟ್‌ನಲ್‌ವಯಲೇಶನ್
ನಲ್ ವ್ಯಾಲ್ಯೂ ಇನ್ ಕಾಲಂ "ರೀಡರ್_ಐಡಿ" ಆಫ್ ರಿಲೇಶನ್ "ಲೋನ್ಸ್" ವಯಲೇಟ್ಸ್ ನಾಟ್-ನಲ್ ಕನ್‌ಸ್ಟ್ರೇಂಟ್
ಡಿಟೇಲ್: ಫೇಲಿಂಗ್ ರೋ ಕಂಟೇನ್ಸ್ (3, 214, ನಲ್, 2025-03-14, …)

ಕೊನೆಯ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಪೋಸ್ಟ್‌ಗ್ರೆಸ್ ತಾನು ತಿರಸ್ಕರಿಸಿದ ಇಡೀ ಸಾಲನ್ನು ಕಾಲಂ ಕ್ರಮದಲ್ಲೇ ತೋರಿಸುತ್ತಿದೆ. 214 ಪುಸ್ತಕದ ಐಡಿ. ಅದರ ಮುಂದಿನ ನಲ್, ಕಾಣೆಯಾದ ಓದುಗ. ಎಲ್ಲರ ಕಣ್ಣೂ ಆ ನಲ್ ಮೇಲೆಯೇ ಇತ್ತು. ಆದರೆ ಮೊದಲ ಅಂಕಿ 3, ಅದು ಹೊಸ ದಾಖಲೆಯ ಐಡಿ. ಆಗಲೇ 3,500ರವರೆಗೆ ಐಡಿ ತುಂಬಿರುವ ಟೇಬಲ್ಲಿಗೆ ಹೊಸದಾಗಿ ಬರುವ ಸಾಲಿಗೆ 3 ಎಂಬ ಐಡಿ ಯಾಕೆ ಸಿಕ್ಕಿತು? ಮುಂದಿನ ದೋಷ ಅಲ್ಲಿ ಬಾಯಿಬಿಟ್ಟು ಹೇಳುತ್ತಿತ್ತು, ಯಾರೂ ಓದಲಿಲ್ಲ.

ಇನ್ನೊಂದು ಎಚ್ಚರ: ಈ ಡಿಟೇಲ್ ಸಾಲಿನಲ್ಲಿ ದಾಖಲೆಯ ಎಲ್ಲ ಕಾಲಮ್ಮುಗಳೂ ಬರುತ್ತವೆ. ಓದುಗರ ಟೇಬಲ್ಲಿನಲ್ಲಿ ಹೀಗಾದರೆ ಹೆಸರು, ಫೋನು ಎಲ್ಲವೂ ಎರರ್ ಟ್ರ್ಯಾಕರಿಗೆ ಹೋಗುತ್ತವೆ. ಫಾರ್ಮಿನ ಪ್ಯಾರಾಮೀಟರುಗಳನ್ನು ಲಾಗಿನಲ್ಲಿ ಮರೆಮಾಡುವ ಸೆಟ್ಟಿಂಗ್ ಎಕ್ಸೆಪ್ಶನ್ ಸಂದೇಶದೊಳಗಿನ ಈ ಸಾಲನ್ನು ಮುಟ್ಟುವುದಿಲ್ಲ.

ರೀಡರ್ ಎಲ್ಲಿ ಕಳೆದುಹೋದ?

ಆಪ್ಷನಲ್ ಸಾಲನ್ನು ತೆಗೆದು ಸರಿಯಾದ ಹುಡುಕಾಟ ಶುರುವಾಯಿತು. ಮೊದಲ ಕೆಲಸ, ತಪ್ಪು ಮಾಡೆಲ್ಲಿನದೋ ಅದಕ್ಕೂ ಮೊದಲಿನದೋ ಎಂದು ಬೇರ್ಪಡಿಸುವುದು. ರೈಲ್ಸ್ ಕನ್ಸೋಲನ್ನು ಸ್ಯಾಂಡ್‌ಬಾಕ್ಸ್ ಆಯ್ಕೆಯೊಂದಿಗೆ ತೆರೆದರೆ, ಮಾಡಿದ ಬದಲಾವಣೆಗಳೆಲ್ಲ ಹೊರಬರುವಾಗ ರದ್ದಾಗುತ್ತವೆ. ಅಲ್ಲಿ ಬುಕ್_ಐಡಿ, ರೀಡರ್_ಐಡಿ, ಡ್ಯೂ_ಆನ್ ಮೂರನ್ನೂ ಕೈಯಾರೆ ಕೊಟ್ಟು ಲೋನ್.ನ್ಯೂ ಮಾಡಿ, ವ್ಯಾಲಿಡ್? ಎಂದು ಕೇಳಿದರೆ ಉತ್ತರ ಟ್ರೂ. ಫಾಲ್ಸ್ ಬಂದಿದ್ದರೆ ಎರರ್ಸ್.ಫುಲ್_ಮೆಸೇಜಸ್ ನೋಡಬೇಕಿತ್ತು. ಮಾಡೆಲ್ ಸರಿಯಿದೆ ಎಂದಾದ ಮೇಲೆ, ರೀಡರ್_ಐಡಿ ಮಾಡೆಲ್ಲಿಗೆ ತಲುಪುತ್ತಲೇ ಇಲ್ಲ ಎನ್ನುವುದೊಂದೇ ಉಳಿದದ್ದು.

ಅದೇ ಫಾರ್ಮನ್ನು ಡೆವಲಪ್‌ಮೆಂಟಿನಲ್ಲಿ ಸಲ್ಲಿಸಿ ಲಾಗ್ ನೋಡಿದಾಗ:

ಪ್ಯಾರಾಮೀಟರ್ಸ್: {"ಲೋನ್"=>{"ಬುಕ್_ಐಡಿ"=>"12", "ರೀಡರ್_ಐಡಿ"=>"4", "ಡ್ಯೂ_ಆನ್"=>"2025-03-14"}}
ಅನ್‌ಪರ್ಮಿಟೆಡ್ ಪ್ಯಾರಾಮೀಟರ್: :ರೀಡರ್_ಐಡಿ
…
ರೋಲ್‌ಬ್ಯಾಕ್
ಕಂಪ್ಲೀಟೆಡ್ 422

ಬ್ರೌಸರ್ ಕಳಿಸಿದೆ, ಕಂಟ್ರೋಲರ್ ತಡೆದಿದೆ. ರೋಲ್‌ಬ್ಯಾಕಿಗೆ (ಬರಹ ರದ್ದು) ಮೊದಲು ಇನ್ಸರ್ಟ್ (ಟೇಬಲ್ಲಿಗೆ ಬರೆಯುವ ಆಜ್ಞೆ) ಸಾಲು ಇಲ್ಲದಿರುವುದನ್ನೂ ಗಮನಿಸಿ: ಡೇಟಾಬೇಸಿನವರೆಗೆ ಮಾತು ಹೋಗಿಲ್ಲ, ವ್ಯಾಲಿಡೇಶನ್ನೋ, ಸೇವಿನ ಹಿಂದೆಮುಂದೆ ತಾನಾಗಿ ಓಡುವ ಕಾಲ್‌ಬ್ಯಾಕೋ ಮಧ್ಯದಲ್ಲೇ ನಿಲ್ಲಿಸಿದೆ. ಇನ್ಸರ್ಟ್ ಕಂಡು ಆಮೇಲೆ ರೋಲ್‌ಬ್ಯಾಕ್ ಕಂಡರೆ ಡೇಟಾಬೇಸ್ ನಿರ್ಬಂಧವನ್ನೋ, ಸೇವ್ ನಂತರದ ಕಾಲ್‌ಬ್ಯಾಕನ್ನೋ ಹುಡುಕಬೇಕು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕಾರಣ ಸರಳ. ಮೊದಲು ಫಾರ್ಮಿನಲ್ಲಿ ಓದುಗರ ಕಾರ್ಡ್ ಸಂಖ್ಯೆಯ ಪೆಟ್ಟಿಗೆ ಇತ್ತು. ಅದನ್ನು ತೆಗೆದು ಡ್ರಾಪ್‌ಡೌನ್ ಇಟ್ಟರು, ಪರ್ಮಿಟ್ ಪಟ್ಟಿಯಲ್ಲಿ ಮಾತ್ರ ಹಳೆಯ :ಕಾರ್ಡ್_ನಂಬರ್ ಹಾಗೇ ಉಳಿಯಿತು. ಪಟ್ಟಿಯಲ್ಲಿಲ್ಲದ ಕ್ಷೇತ್ರವನ್ನು ರೈಲ್ಸ್ ಸದ್ದಿಲ್ಲದೆ ಕೈಬಿಡುತ್ತದೆ. ಯಾರೋ ಫಾರ್ಮ್ ತಿದ್ದಿ ಬೇಡದ ಕಾಲಮ್ಮಿಗೆ ಬೆಲೆ ತುಂಬದಿರಲಿ ಎಂಬುದು ಅದರ ಉದ್ದೇಶ. ಸರಿಪಡಿಸಿದ ಸಾಲು:

ಪ್ಯಾರಮ್ಸ್.ರಿಕ್ವೈರ್(:ಲೋನ್).ಪರ್ಮಿಟ್(:ಬುಕ್_ಐಡಿ, :ರೀಡರ್_ಐಡಿ, :ಡ್ಯೂ_ಆನ್)

ಪರ್ಮಿಟ್! ಎಂದು ಆಶ್ಚರ್ಯಚಿಹ್ನೆ ಹಾಕಿದರೆ ಎಲ್ಲ ಕ್ಷೇತ್ರಗಳೂ ಒಳಗೆ ಬರುತ್ತವೆ, ಎರರ್ ಹೋಗುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ. ಆ ದಾರಿ ಬೇಡ.

ಅನ್‌ಪರ್ಮಿಟೆಡ್ ಎಂಬ ಸಾಲು ಪ್ರೊಡಕ್ಷನ್ ಲಾಗಿನಲ್ಲಿ ಯಾಕಿರಲಿಲ್ಲ? ಪೂರ್ವನಿಯೋಜಿತವಾಗಿ ಅದು ಡೆವಲಪ್‌ಮೆಂಟ್, ಟೆಸ್ಟ್ ಎರಡರಲ್ಲಿ ಮಾತ್ರ ಬರುತ್ತದೆ. ಆ್ಯಕ್ಷನ್_ಆನ್_ಅನ್‌ಪರ್ಮಿಟೆಡ್_ಪ್ಯಾರಾಮೀಟರ್ಸ್ ಎಂಬ ಸೆಟ್ಟಿಂಗನ್ನು ಟೆಸ್ಟಿನಲ್ಲಿ :ರೇಸ್ ಮಾಡಿಟ್ಟರೆ ಇಂಥ ಮರೆವು ಮೊದಲ ಓಟದಲ್ಲೇ ಎಕ್ಸೆಪ್ಶನ್ ಆಗಿ ಹೊರಬರುತ್ತದೆ. ಈ ಆ್ಯಪಿನಲ್ಲಿ ಮಾಡೆಲ್ ಟೆಸ್ಟುಗಳಷ್ಟೇ ಇದ್ದವು, ಅವು ಕಂಟ್ರೋಲರನ್ನು ದಾಟಿಕೊಂಡು ನೇರ ಲೋನ್.ಕ್ರಿಯೇಟ್! ಕರೆಯುತ್ತಿದ್ದವು. ಹಾಗಾಗಿ ಎಲ್ಲವೂ ಹಸಿರು.

ಹದಿನಾಲ್ಕು ಸಲ ಬಿದ್ದು, ಹದಿನೈದನೆಯ ಸಲ ಉಳಿದದ್ದು

ಪರ್ಮಿಟ್ ಪಟ್ಟಿ ಸರಿಯಾಯಿತು, ಡೆವಲಪ್‌ಮೆಂಟಿನಲ್ಲಿ ದಾಖಲೆ ಉಳಿಯಿತು. ಪ್ರೊಡಕ್ಷನ್ನಿನಲ್ಲಿ ಮತ್ತೆ 500. ಈ ಸಲದ ಎಕ್ಸೆಪ್ಶನ್ ಬೇರೆ: ಆ್ಯಕ್ಟಿವ್‌ರೆಕಾರ್ಡ್::ರೆಕಾರ್ಡ್‌ನಾಟ್‌ಯೂನಿಕ್. ಒಳಗೆ, ಡೂಪ್ಲಿಕೇಟ್ ಕೀ, ನಿರ್ಬಂಧದ ಹೆಸರು "ಲೋನ್ಸ್_ಪಿಕೀ", ಡಿಟೇಲಿನಲ್ಲಿ ಕೀ (ಐಡಿ)=(4) ಆಗಲೇ ಇದೆ. ಮತ್ತೆ ಒತ್ತಿದರೆ (ಐಡಿ)=(5). ಮತ್ತೆ ಒತ್ತಿದರೆ 6.

ಅಂಕಿ ಒಂದೊಂದೇ ಏರುತ್ತಿರುವುದೇ ಈ ದೋಷದ ಗುರುತು. ಪೋಸ್ಟ್‌ಗ್ರೆಸ್ಸಿನಲ್ಲಿ ಐಡಿ ಕೊಡುವುದು ಸೀಕ್ವೆನ್ಸ್ ಎಂಬ ಬೇರೆಯೇ ಎಣಿಕೆಯಂತ್ರ. ನಾವೇ ಐಡಿ ಬರೆದು ಸಾಲು ಸೇರಿಸಿದರೆ ಅದಕ್ಕೆ ಸುದ್ದಿಯೇ ತಲುಪುವುದಿಲ್ಲ. 3,500ರವರೆಗಿನ ಐಡಿಗಳು ಸ್ಪ್ರೆಡ್‌ಶೀಟಿನಿಂದ ಕೈಯಾರೆ ಬಂದಿದ್ದರಿಂದ ಸೀಕ್ವೆನ್ಸ್ 1ರಲ್ಲೇ ಕೂತಿತ್ತು. ಇನ್ನೊಂದು ಗುಣ: ಟ್ರಾನ್ಸ್ಯಾಕ್ಷನ್ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಬರಹಗಳ ಗುಂಪು) ರದ್ದಾದರೂ ಸೀಕ್ವೆನ್ಸ್ ಹಿಂದಕ್ಕೆ ಬರುವುದಿಲ್ಲ. ನಲ್ ಎರರಿನ ಮೂರು ಪ್ರಯತ್ನಗಳು 1, 2, 3ನ್ನು ನುಂಗಿದ್ದವು, ಆದ್ದರಿಂದಲೇ ಈಗ 4ರಿಂದ ಶುರು. ವ್ಯಾಲಿಡೇಶನ್ನಿನಲ್ಲಿ ಬಿದ್ದ ಪ್ರಯತ್ನಗಳು ಮಾತ್ರ ಯಾವ ಅಂಕಿಯನ್ನೂ ತಿಂದಿರಲಿಲ್ಲ, ಯಾಕೆಂದರೆ ಇನ್ಸರ್ಟ್ ಹೋಗಿಯೇ ಇರಲಿಲ್ಲ.

ಎಸ್‌ಕ್ಯೂಲೈಟಿನಲ್ಲಿ ಹೀಗಾಗದು, ಅಲ್ಲಿ ಐಡಿ ಕೊಟ್ಟು ಸೇರಿಸಿದರೂ ಮುಂದಿನ ಐಡಿ ಇರುವ ದೊಡ್ಡದರ ಮುಂದಿನದು. ಮೈಎಸ್‌ಕ್ಯೂಎಲ್ಲಿನ ಇನ್ನೊಡಿಬಿಯೂ ಹಾಗೆಯೇ. ಪ್ರೊಡಕ್ಷನ್ನಿನಲ್ಲಿ ಯಾವ ಡೇಟಾಬೇಸೋ ಡೆವಲಪ್‌ಮೆಂಟಿನಲ್ಲೂ ಅದೇ ಇರಲಿ ಎನ್ನುವುದು ಬರೀ ಶಿಸ್ತಿನ ಮಾತಲ್ಲ. ಈ ದೋಷ ಎಸ್‌ಕ್ಯೂಲೈಟಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಸಿಬ್ಬಂದಿ ಬಿಡದೆ ಒತ್ತುತ್ತಾ ಹೋದರು. 4ರಿಂದ 17ರವರೆಗೆ ಹದಿನಾಲ್ಕು ಸಲ ಬಿತ್ತು. ಹದಿನೈದನೆಯ ಸಲ ದಾಖಲೆ ಉಳಿಯಿತು, ಐಡಿ 18. ಅದರ ಮುಂದಿನದು ಮತ್ತೆ ಬಿತ್ತು. "ಒಮ್ಮೊಮ್ಮೆ ಸೇವ್ ಆಗುತ್ತದೆ, ಸರ್ವರ್ ನಿಧಾನವಿರಬೇಕು" ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಸರ್ವರಿಗೂ ಇದಕ್ಕೂ ಸಂಬಂಧವಿಲ್ಲ. ಐಡಿ 18 ಟೇಬಲ್ಲಿನಲ್ಲಿ ಖಾಲಿ ಇತ್ತು, ಸೀಕ್ವೆನ್ಸ್ ಅಲ್ಲಿಗೆ ಬಂದಾಗ ಜಾಗ ಸಿಕ್ಕಿತು.

18 ಯಾಕೆ ಖಾಲಿ ಇತ್ತು ಎಂಬ ಪ್ರಶ್ನೆ ಇನ್ನೊಂದು ಗುಟ್ಟನ್ನು ಬಿಚ್ಚಿತು. ಸ್ಪ್ರೆಡ್‌ಶೀಟಿನಲ್ಲಿ 1ರಿಂದ 3,500ರವರೆಗೆ ಎಡೆಬಿಡದೆ ಸಾಲುಗಳಿದ್ದವು. ಕನ್ಸೋಲಿನಲ್ಲಿ ಹೊಸ ದಾಖಲೆಯನ್ನು ಬಿಟ್ಟು ಎಣಿಸಿದರೆ 3,480, ಲೋನ್.ಮ್ಯಾಕ್ಸಿಮಮ್(:ಐಡಿ) ಕೇಳಿದರೆ 3,500. ಇಪ್ಪತ್ತು ಸಾಲು ಬಂದೇ ಇಲ್ಲ. ರೇಕ್ ಟಾಸ್ಕಿನಲ್ಲಿ ಕ್ರಿಯೇಟ್ ಎಂದು ಬರೆದಿದ್ದರು, ಸೋತರೆ ಎಕ್ಸೆಪ್ಶನ್ ಎಸೆಯುವ ಕ್ರಿಯೇಟ್! ಎಂದಲ್ಲ. ಕ್ರಿಯೇಟ್ ಸೋತರೂ ಒಂದು ಆಬ್ಜೆಕ್ಟನ್ನು ಕೈಗೆ ಕೊಡುತ್ತದೆ. ಅದು ಟೇಬಲ್ಲಿನಲ್ಲಿ ಇದೆಯೋ ಇಲ್ಲವೋ ಎಂದು ಪರ್ಸಿಸ್ಟೆಡ್? ಕೇಳಿ ತಿಳಿಯಬೇಕು. ಯಾರೂ ಕೇಳಲಿಲ್ಲ. ಸದಸ್ಯತ್ವ ಬಿಟ್ಟ ಓದುಗರು ರೀಡರ್ ಟೇಬಲ್ಲಿಗೆ ಬಂದಿರಲಿಲ್ಲ, ಅವರ ಇಪ್ಪತ್ತು ಎರವಲುಗಳು ಅದೇ "ರೀಡರ್ ಮಸ್ಟ್ ಎಗ್ಜಿಸ್ಟ್" ಕಾರಣಕ್ಕೆ ಬಿದ್ದುಹೋದವು, ಟಾಸ್ಕ್ ಮಾತ್ರ ನಗುನಗುತ್ತಾ ಮುಗಿದಿತ್ತು. ಫಾರ್ಮಿನಲ್ಲಾದರೆ ಸೇವ್ ಬರೆದು ಇಫ್ ಹಾಕಿ, ಯಾಕೆಂದರೆ ಅಲ್ಲಿ ತಪ್ಪನ್ನು ತೋರಿಸಲು ಎದುರಿಗೆ ಒಬ್ಬರಿದ್ದಾರೆ. ಟಾಸ್ಕ್, ಸೀಡ್, ಹಿನ್ನೆಲೆ ಕೆಲಸಗಳಲ್ಲಿ ಯಾರೂ ಇಲ್ಲ, ಅಲ್ಲಿ ಆಶ್ಚರ್ಯಚಿಹ್ನೆ ಇರಲೇಬೇಕು.

ಸೀಕ್ವೆನ್ಸನ್ನು ಸರಿಮಾಡಲು ಕನ್ಸೋಲಿನಲ್ಲಿ ಒಂದೇ ಸಾಲು ಸಾಕು:

ಆ್ಯಕ್ಟಿವ್‌ರೆಕಾರ್ಡ್::ಬೇಸ್.ಕನೆಕ್ಷನ್.ರೀಸೆಟ್_ಪಿಕೆ_ಸೀಕ್ವೆನ್ಸ್!("ಲೋನ್ಸ್")

ಇದು ಟೇಬಲ್ಲಿನ ಅತಿ ದೊಡ್ಡ ಐಡಿಯನ್ನು ನೋಡಿ ಎಣಿಕೆಯನ್ನು ಅದರ ಮುಂದಕ್ಕೆ ಒಯ್ಯುತ್ತದೆ. ಮುಂದಿನ ದಾಖಲೆಗೆ 3,501 ಸಿಗುತ್ತದೆ. ಅದೇ ಟಾಸ್ಕ್ ಬುಕ್ಸ್, ರೀಡರ್ಸ್ ಟೇಬಲ್ಲುಗಳನ್ನೂ ತುಂಬಿದ್ದರಿಂದ ಅವೆರಡಕ್ಕೂ ಇದನ್ನೇ ಮಾಡಬೇಕಾಯಿತು. ಮಾಡದಿದ್ದರೆ ಹೊಸ ಪುಸ್ತಕ ಸೇರಿಸಿದ ದಿನ ಇದೇ ಕಥೆ. ಬಿಟ್ಟುಹೋದ ಇಪ್ಪತ್ತು ಸಾಲುಗಳಿಗೆ, ಓದುಗರನ್ನು ಮೊದಲು ಸೇರಿಸಿ, ಹೊಸ ಐಡಿಗಳನ್ನೇ ಕೊಟ್ಟು, ಹಳೆಯ ಕ್ರಮಸಂಖ್ಯೆಯನ್ನು ಪ್ರತ್ಯೇಕ ಕಾಲಮ್ಮಿನಲ್ಲಿ ಇಡಲಾಯಿತು. 18ರ ಜಾಗವನ್ನು ಈಗ ಬೇರೊಂದು ಎರವಲು ಹಿಡಿದಿದೆ, ಅದನ್ನು ಕದಲಿಸಬಾರದು.

ಒಂದು ಪುಸ್ತಕ, ಇಬ್ಬರ ಹೆಸರಲ್ಲಿ

ಮೂರು ದೋಷ ಹೋದ ಮೇಲೆ ನಾಲ್ಕನೆಯದು ಎರರ್ ಇಲ್ಲದೆಯೇ ಬಂತು. ದಾಖಲೆ ಉಳಿಯುತ್ತಿದೆ, ಆದರೆ ಪುಸ್ತಕ 214ಕ್ಕೆ ಮರಳಿಸದ ಎರವಲುಗಳು ಎರಡು. ಕ್ರಿಯೇಟೆಡ್_ಅಟ್ ನೋಡಿದರೆ ಒಂದು ಸೆಕೆಂಡಿನೊಳಗೆ ಎರಡೂ ಹುಟ್ಟಿವೆ. ಪುಸ್ತಕವನ್ನು ಮೊದಲೇ ಕಾಯ್ದಿರಿಸಿದವರಿಗೆ ಸಿಬ್ಬಂದಿಯಲ್ಲಿ ಒಬ್ಬರು ಮಂಜೂರು ಮಾಡಿದ ಕ್ಷಣದಲ್ಲೇ ಇನ್ನೊಬ್ಬರು ಎದುರಿಗೆ ಬಂದವರ ಹೆಸರಿಗೆ ಬರೆದಿದ್ದಾರೆ.

ಮಾಡೆಲ್ಲಿನಲ್ಲಿ ಯೂನಿಕ್‌ನೆಸ್ ವ್ಯಾಲಿಡೇಶನ್ ಇತ್ತು. ಆದರೆ ಅದು ಮಾಡುವುದು ಇಷ್ಟೇ: ಮೊದಲು ಸೆಲೆಕ್ಟ್ ಹಾಕಿ ಇದೆಯೇ ಎಂದು ಕೇಳುತ್ತದೆ, ಇಲ್ಲ ಎಂದರೆ ಇನ್ಸರ್ಟ್ ಮಾಡುತ್ತದೆ. ಎರಡು ಕೋರಿಕೆಗಳೂ ಒಟ್ಟಿಗೆ ಕೇಳಿದರೆ ಎರಡಕ್ಕೂ "ಇಲ್ಲ" ಎಂದೇ ಉತ್ತರ, ಎರಡೂ ಬರೆಯುತ್ತವೆ. ಖಾತ್ರಿ ಬೇಕೆಂದರೆ ಒಂದೇ ಬೆಲೆ ಎರಡು ಸಲ ಬರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಡೇಟಾಬೇಸಿನಲ್ಲೇ ಬೇಕು. ಮರಳಿಸಿದ ಹಳೆಯ ಎರವಲುಗಳು ಎಷ್ಟಾದರೂ ಇರಬಹುದು, ಹಾಗಾಗಿ ಇಂಡೆಕ್ಸ್ ಮರಳದವುಗಳಿಗೆ ಮಾತ್ರ:

ಆ್ಯಡ್_ಇಂಡೆಕ್ಸ್ :ಲೋನ್ಸ್, :ಬುಕ್_ಐಡಿ, ಯೂನಿಕ್: ಟ್ರೂ, ವೇರ್: "ರಿಟರ್ನ್ಡ್_ಆನ್ ಈಸ್ ನಲ್", ನೇಮ್: "ಒಂದು_ಪುಸ್ತಕ_ಒಂದು_ಎರವಲು"

ಈಗಾಗಲೇ ನಕಲುಗಳಿದ್ದರೆ ಈ ಮೈಗ್ರೇಶನ್ ಓಡುವುದಿಲ್ಲ. ರಿಟರ್ನ್ಡ್_ಆನ್ ನಲ್ ಇರುವವನ್ನು ಬುಕ್_ಐಡಿಯಂತೆ ಗುಂಪು ಮಾಡಿ, ಒಂದಕ್ಕಿಂತ ಹೆಚ್ಚಿರುವವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಪುಸ್ತಕ ಯಾರ ಬಳಿ ಇದೆ ಎಂದು ಕೇಳಿ ತಿಳಿಯದೆ ಯಾವುದನ್ನೂ ಅಳಿಸಬಾರದು. ವ್ಯಾಲಿಡೇಶನ್ನನ್ನು ತೆಗೆಯುವುದು ಬೇಡ, ಸಾಮಾನ್ಯ ಸಂದರ್ಭದಲ್ಲಿ ಚೆನ್ನಾದ ಸಂದೇಶ ಕೊಡುವುದು ಅದೇ. ಒಂದು ಸೂಕ್ಷ್ಮ: ಆ ವ್ಯಾಲಿಡೇಶನ್ನಿನ ಕಂಡಿಶನ್ಸ್ ಎಂಬ ಆಯ್ಕೆ ಹುಡುಕುವ ಸಾಲುಗಳನ್ನಷ್ಟೇ ಮಿತಿಗೊಳಿಸುತ್ತದೆ. ಈಗಾಗಲೇ ಮರಳಿದ ಹಳೆಯ ಎರವಲೊಂದನ್ನು ತಿದ್ದಿ ಸೇವ್ ಮಾಡುವಾಗಲೂ ತಪಾಸಣೆ ನಡೆದು, ಪುಸ್ತಕ ಈಗ ಹೊರಗಿದ್ದರೆ ಸೋಲುತ್ತದೆ. ರಿಟರ್ನ್ಡ್_ಆನ್ ನಲ್ ಇದ್ದಾಗ ಮಾತ್ರ ಎಂಬ ಇಫ್ ಷರತ್ತನ್ನೂ ಜೊತೆಗೆ ಬರೆಯಬೇಕು.

ಇನ್ನು, ಏಕಕಾಲದ ಎರಡನೆಯ ಕೋರಿಕೆಗೆ ರೆಕಾರ್ಡ್‌ನಾಟ್‌ಯೂನಿಕ್ ಬರುತ್ತದೆ. ಅದನ್ನು ಕಂಟ್ರೋಲರಿನಲ್ಲಿ ರೆಸ್ಕ್ಯೂ ಮಾಡಿ (ಹಿಡಿದು) "ಈ ಪುಸ್ತಕ ಆಗಲೇ ಎರವಲು ಹೋಗಿದೆ" ಎಂದು 422ರೊಂದಿಗೆ ತೋರಿಸಬೇಕು. ಇಲ್ಲಿ ಹಲವರು ಎಡವುತ್ತಾರೆ. ಪ್ರೈಮರಿ ಕೀ (ಐಡಿ) ತಗಾದೆಯೂ ಇದೇ ರೆಕಾರ್ಡ್‌ನಾಟ್‌ಯೂನಿಕ್. ಎಲ್ಲವನ್ನೂ ಒಂದೇ ಬಲೆಯಲ್ಲಿ ಹಿಡಿದಿದ್ದರೆ ಹಿಂದಿನ ಸೀಕ್ವೆನ್ಸ್ ದೋಷ "ಪುಸ್ತಕ ಆಗಲೇ ಎರವಲು ಹೋಗಿದೆ" ಎಂಬ ಸುಳ್ಳು ಸಂದೇಶದ ಹಿಂದೆ ಅಡಗಿ ಕೂರುತ್ತಿತ್ತು, ಸಿಬ್ಬಂದಿ ಕಪಾಟಿನಲ್ಲಿರುವ ಪುಸ್ತಕವನ್ನು ಯಾರ ಬಳಿಯೋ ಹುಡುಕುತ್ತಿದ್ದರು. ಆದ್ದರಿಂದ ಎಕ್ಸೆಪ್ಶನ್ ಸಂದೇಶದಲ್ಲಿ ನಮ್ಮ ಇಂಡೆಕ್ಸಿನ ಹೆಸರು ಇದೆಯೇ ನೋಡಿ, ಇದ್ದರೆ ಮಾತ್ರ ಸಂದೇಶ ತೋರಿಸಿ, ಇಲ್ಲದಿದ್ದರೆ ಮತ್ತೆ ರೇಸ್ ಮಾಡಬೇಕು (ಎಸೆಯಬೇಕು). ಇಂಡೆಕ್ಸಿಗೆ ನಾವೇ ಹೆಸರಿಟ್ಟದ್ದು ಇದಕ್ಕಾಗಿ.

ರೆಸ್ಕ್ಯೂ ಇರುವ ಜಾಗವೂ ಮುಖ್ಯ. ಸೇವ್ ತನ್ನ ಟ್ರಾನ್ಸ್ಯಾಕ್ಷನ್ ತಾನೇ ತೆರೆದು ಮುಚ್ಚುತ್ತದೆ, ಅದರ ಹೊರಗೆ ಹಿಡಿದರೆ ತೊಂದರೆಯಿಲ್ಲ. ಮಂಜೂರಾತಿ ಕೋಡಿನಲ್ಲಿ ಮಾತ್ರ ಎರವಲು ಬರೆಯುವುದು, ಕಾಯ್ದಿರಿಸಿದ್ದನ್ನು ಮುಚ್ಚುವುದು ಎರಡೂ ಒಂದು ದೊಡ್ಡ ಟ್ರಾನ್ಸ್ಯಾಕ್ಷನ್ನಿನೊಳಗೆ ಇದ್ದವು. ಅದರೊಳಗೇ ರೆಸ್ಕ್ಯೂ ಮಾಡಿ ಮುಂದಿನ ಕ್ವೆರಿ ಹಾಕಿದರೆ, ಪ್ರಸ್ತುತ ಟ್ರಾನ್ಸ್ಯಾಕ್ಷನ್ ಕೆಟ್ಟಿದೆ, ಮುಗಿಯುವವರೆಗೆ ಯಾವ ಆಜ್ಞೆಯನ್ನೂ ಕೇಳೆ ಎನ್ನುತ್ತದೆ ಪೋಸ್ಟ್‌ಗ್ರೆಸ್. ರೆಸ್ಕ್ಯೂವನ್ನು ಟ್ರಾನ್ಸ್ಯಾಕ್ಷನ್ ಬ್ಲಾಕಿನ ಹೊರಗೆ ತಂದಾಗ ಅದು ಸರಿಹೋಯಿತು. ಒಳಗೇ ಮುಂದುವರಿಯಬೇಕಾದ ಸಂದರ್ಭವಿದ್ದರೆ ಆ ಒಂದು ಸೇವನ್ನು ರಿಕ್ವೈರ್ಸ್_ನ್ಯೂ: ಟ್ರೂ ಎಂಬ ಒಳ ಟ್ರಾನ್ಸ್ಯಾಕ್ಷನ್ನಿಗೆ ಹಾಕಬಹುದು, ರೈಲ್ಸ್ ಅಲ್ಲೊಂದು ಸೇವ್‌ಪಾಯಿಂಟ್ ಇಟ್ಟು ಅಷ್ಟನ್ನೇ ಹಿಂದಕ್ಕೆ ತರುತ್ತದೆ.

ಕೊನೆಗೆ ಸೇರಿಸಿದ ಟೆಸ್ಟುಗಳು ಮೂರೇ. ಕಂಟ್ರೋಲರಿನ ಮೂಲಕ ಸರಿಯಾದ ಫಾರ್ಮ್ ಕಳಿಸಿ, ಲೋನ್ ಎಣಿಕೆ ಒಂದು ಹೆಚ್ಚಿದೆಯೇ, ಉಳಿದ ದಾಖಲೆಯ ರೀಡರ್_ಐಡಿ ಕಳಿಸಿದ್ದೇ ಆಗಿದೆಯೇ ಎಂದು ನೋಡುವುದು. ಓದುಗರನ್ನು ಬಿಟ್ಟು ಕಳಿಸಿ 422 ಬರುತ್ತದೆಯೇ ನೋಡುವುದು. ಸೇವ್(ವ್ಯಾಲಿಡೇಟ್: ಫಾಲ್ಸ್) ಕರೆದು ಅದೇ ಪುಸ್ತಕಕ್ಕೆ ಎರಡನೆಯ ಎರವಲು ಬರೆಯಲು ಹೋಗಿ, ಡೇಟಾಬೇಸ್ ರೆಕಾರ್ಡ್‌ನಾಟ್‌ಯೂನಿಕ್ ಎಸೆಯುತ್ತದೆಯೇ ನೋಡುವುದು. ಟೆಸ್ಟ್ ಡೇಟಾಬೇಸೂ ಈಗ ಪೋಸ್ಟ್‌ಗ್ರೆಸ್.